ದಿವೆ ಘಾಟಿನ ಮೇಲೆ, ಏಳೂ ಹತ್ತಕ್ಕೆ

ಕತ್ತಲಾದ ಮೇಲೆ ಕಣ್ಣು ಬರೀ ಲಗೇಜು, ಅಂದೆ.
ತನ್ಮಯ ನಕ್ಕ. ಅವನ ಕೊರಳಲ್ಲಿ
ಎರಡು ತಿಂಗಳ ಸಂಬಳದ ದುರ್ಬೀನು.
ಅಡ್ಡಹೆಸರು ಕಾನಡೆ; ಕನ್ನಡ ಮಾತ್ರ
'ಊಟ ಆಯ್ತಾ' ದಾಟಿ ಮುಂದೆ ಹೋಗಿಲ್ಲ.

ಸಾಸವಡದ ಕಡೆಯ ಮಾಳ. ಏಪ್ರಿಲ್ ಕೊನೆ.
ಕೂತ ಕಲ್ಲು ಇನ್ನೂ ಬಿಸಿ, ಆಗಷ್ಟೇ ಇಳಿಸಿದ ಹಂಚು.
ಕೆಳಗೆ ಹಡಪಸರದ ದೀಪಗಳು ಹತ್ತುತ್ತಿದ್ದವು
ನನ್ನ ಹಳೇ ಬೋರ್ಡಿನ ಹಾಗೆ, ಇಲ್ಲೊಂದು ಅಲ್ಲೊಂದು,
ಯಾರಿಗೋ ಯಾರೋ ಬೇಕಾಗಿ.

ಮೂವತ್ತೊಂದು ವರ್ಷ ಟ್ರಂಕ್ ಬೋರ್ಡಿನ ಮುಂದೆ ಕೂತವಳು ನಾನು.
ಇಂಡಿಯಿಂದ ಬಂದ ಹುಡುಗಿ,
ಪುಣೆಯ ಮುಖಗಳಿಗಿಂತ ಮೊದಲು ಪುಣೆಯ ಗಂಟಲು ಕಲಿತೆ.
ರವಿವಾರ ಪೇಟೆಯಲ್ಲಿ ಇಬ್ಬರು ಅಣ್ಣತಮ್ಮ, ಅರಿಶಿನದ ದಲಾಲರು,
ಇಬ್ಬರದೂ ಒಂದೇ ಅಚ್ಚಿನ ದನಿ.
ಹಿರಿಯವ ಮಾತ್ರ ನಂಬರು ಹೇಳುವ ಮುಂಚೆ
ಸಣ್ಣದೊಂದು ಉಸಿರು ನುಂಗುತ್ತಿದ್ದ.
ಅಷ್ಟು ಸಾಕಿತ್ತು.

'ಚಿತ್ರ ನೋಡಿಕೊಳ್ಳಿ ಮಾವಶಿ' ಅಂತ ಪುಸ್ತಕ ಬಿಚ್ಚಿದ.
ರಾತ್ವಾ, ರಾತ್ವಾ, ಮತ್ತೊಂದು ರಾತ್ವಾ:
ಮೂರೂ ಅದೇ ತರಗೆಲೆ, ಅದೇ ಬೂದಿ, ಅದೇ ಕಟ್ಟಿಗೆಯ ಸಿಪ್ಪೆ.
ಇದಕ್ಕೆ ಕತ್ತಿನ ಹಿಂದೆ ಹಳದಿ ಪಟ್ಟಿ, ನೆತ್ತಿಗೆ ಕಪ್ಪು ಗೀರು.
ಅದರ ಗಂಡಿಗೆ ಬಾಲದ ಹೊರಗರಿ ಪೂರ್ತಿ ಬಿಳಿ,
ಇದರದಕ್ಕೆ ತುದಿಯಲ್ಲಷ್ಟೇ.
ನಮ್ಮಲ್ಲಿ ನತ್ತಿಂಗ ಅಂತೀವಪ್ಪ, ಅಂದೆ,
ಒಂದೇ ಹೆಸರಲ್ಲಿ ಎಲ್ಲಾನೂ ಮುಗಿಸಿ.

ಅಷ್ಟರಲ್ಲಿ ಹಗಲಿನ ಲೈನು ಕಟ್ಟಾಯಿತು.

ಮೊದಲು ಗೋಲಿ. ಯಾರೋ ಫರಸಿಯ ಮೇಲೆ ಕೈಬಿಟ್ಟ ಗೋಲಿ:
ಚುಕ್, ಚುಕ್, ಚುಕ್ ಚುಕ್ ಚುಕ್ಕುರ್ರ್ರ್
ಪುಟಿದು ಪುಟಿದು ಮಂಚದ ಕೆಳಗೆ ಹೋಯಿತು.
ಪಟ್ಟಿಯದು, ಅಂದೆ. ತಲೆಯಾಡಿಸಿದ.
ಆಮೇಲೆ ನೆತ್ತಿಯ ಮೇಲೆ ಒಂದೇ ಒಂದು ಚ್ವೀಪ್,
ಜ್ಯಾಕಿನಿಂದ ಕಾರ್ಡು ಸಟ್ಟನೆ ಕಿತ್ತ ಹಾಗೆ,
ಹಾರುತ್ತಲೇ ಇನ್ನೊಂದು. ಬಿಳಿಗರಿಯದು.
ಮೂರನೆಯದು ಕೊಳ್ಳದ ಕಡೆಯಿಂದ:
ಟೊಕ್ ಟೊಕ್ ಟೊಕ್ ಟೊಕ್, ಏರಿಲ್ಲ ಇಳಿವಿಲ್ಲ,
ಥೇಟ್ ಎಂಗೇಜ್ ಟೋನು.
ಕಾಡಿನದು! ಎಂದು ಎದ್ದೇ ನಿಂತೆ.
'ಅದು ಝೆಂಡೇವಾಡಿಯ ಪಂಪು, ಮಾವಶಿ.'

ಸರಿ. ಕಿವಿಗೂ ವಯಸ್ಸಾಗುತ್ತದೆ.

ಅವನು ಮೊಬೈಲು ತೆಗೆದು ಒಂದು ಗುಂಡಿ ಒತ್ತಿದ.
ಎಲ್ಲಿಯದೋ ಊರಿನ, ಯಾವುದೋ ವರ್ಷದ ಗಂಡುಹಕ್ಕಿ
ಅವನ ಅಂಗೈಯಲ್ಲಿ ಗೋಲಿ ಬೀಳಿಸಿತು.
ಮರುಕ್ಷಣ ನಿಜವಾದದ್ದು ಬಂತು, ತಲೆಗೆ ತಾಗುವಷ್ಟು ಹತ್ತಿರ,
ಸುತ್ತಿತು, ಮತ್ತೆ ಸುತ್ತಿತು,
ತನ್ನ ಜಾಗದಲ್ಲಿ ನಿಂತು ಮಾತಾಡಿದವನನ್ನು ಹುಡುಕುತ್ತ.
ನಿಲ್ಲಿಸು, ಅಂದೆ. ನನ್ನ ದನಿ ನನಗೇ ಗುರುತಾಗಲಿಲ್ಲ.
ಇಡೀ ನೌಕರಿಯಲ್ಲಿ ರಾಂಗ್ ನಂಬರ್ ಕೊಟ್ಟವಳಲ್ಲ ನಾನು.
ಒಂದು ಸಲ ಕೊಟ್ಟಿದ್ದೆ. ಮೀರಜಿನ ಆಸ್ಪತ್ರೆಗೆ ಬದಲು
ಸೋಡಾ ಫ್ಯಾಕ್ಟರಿಗೆ. ಅದನ್ನು ಅವನಿಗೆ ಹೇಳಲಿಲ್ಲ.

ವಾಪಸು ಬರುವಾಗ ಕಚ್ಚಾ ರಸ್ತೆಯ ನಡುವೆ
ಎರಡು ಕೆಂಡ. ಬೈಕು ನಿಲ್ಲಿಸಿದ. ಬೆಳಕಲ್ಲಿ ಕೂತಿತ್ತು,
ಧೂಳಿಗೆ ಧೂಳಿನ ಹಾಗೆ.
ಪಟ್ಟಿ ಇದೆಯೆಂದರೆ ಇದೆ, ಇಲ್ಲವೆಂದರೆ ನೆರಳು.
ಬಾಲ ಬಿಚ್ಚಲಿಲ್ಲ. ಹೆಣ್ಣೋ, ಮರಿಯೋ. ತುಟಿ ಬಿಚ್ಚಲಿಲ್ಲ.
ಎದ್ದದ್ದೂ ಗೊತ್ತಾಗಲಿಲ್ಲ, ರಸ್ತೆ ಅಷ್ಟೇ ಉಳಿಯಿತು.

'ಯಾವುದು ಅಂತ ಬರೆಯಲಿ?' ಪೆನ್ನಿನ ಕ್ಯಾಪು ಅವನ ಹಲ್ಲಲ್ಲಿ.

ರಾತ್ರಿಪಾಳಿಯಲ್ಲಿ ಕೆಲವು ಕರೆ ಹಾಗೇ ಬರುತ್ತಿದ್ದವು,
ಹಲೋ ಅಂದರೆ ಹಲೋ ಇಲ್ಲ, ಬರೀ ಉಸಿರು.
ಒಂದು ನಿಮಿಷ ಕಾದು ಕಟ್ ಮಾಡಬೇಕೆಂಬ ನಿಯಮ.
ನಾನು ಕಾರ್ಡು ಕೀಳದೆ ಕೂತಿರುತ್ತಿದ್ದೆ.

ವೇಳೆ ಬರಿ, ಅಂದೆ. ಏಳೂ ಐವತ್ತು. ಒಂದು.
ಲೈನಿನಲ್ಲಿದ್ದಾರೆ, ಅಂತ ಬರಿ.
ಅವನು ಮರಾಠಿಯಲ್ಲಿ ಏನು ಬರೆದನೋ,
ಮೂರನೇ ಕಿಕ್ಕಿಗೆ ಬೈಕು ಹತ್ತಿತು.